ಗಂಜಿ ಬಯಲಿಗೆ ಬಂದ ಕಲ್ಲು

ಲಾರಿ ಹಿಂದಕ್ಕೆ ಬರುವ ಸದ್ದು ಕೇಳಿದರೆ ನಾನು ಇವತ್ತಿಗೂ ಗೋಡೆಗೆ ಆತು ನಿಲ್ಲುತ್ತೇನೆ. ಲಾರಿ ಎಷ್ಟೇ ದೂರ ಇರಲಿ. ಹಿಂದೆ ನಿಂತು 'ಬರ್ಲಿ, ಬರ್ಲಿ' ಎಂದು ಕೂಗುವವನ ಮುಖವನ್ನೇ ಮೊದಲು ನೋಡುತ್ತೇನೆ. ಅವನ ಕಣ್ಣು ಎಲ್ಲಿದೆ? ಲಾರಿಯ ಹಿಂದೆ ಯಾರಿದ್ದಾರೆ ಎಂದು ನೋಡುತ್ತಿದ್ದಾನೆಯೇ, ಅಥವಾ ನೋಡಿಯೂ ಕೂಗುತ್ತಿದ್ದಾನೆಯೇ? ಇಳಕಲ್ಲಿನಲ್ಲಿ ಅಂಟಿದ ಈ ಸಂಶಯ ನನ್ನನ್ನು ಇನ್ನೂ ಬಿಟ್ಟಿಲ್ಲ.

ಕರ್ನಾಟಕ ಒಂದಾದ ಮರುವರ್ಷದ ಮಾತು. ಬಾಗಲಕೋಟೆಯಲ್ಲಿ ಕಾಲೇಜು ಮುಗಿಸಿ ಇಳಕಲ್ಲಿನ ಹೆಣ್ಣುಮಕ್ಕಳ ಶಾಲೆಗೆ ಸೇರಿದ್ದೆ. ತಂದೆ ಬಾದಾಮಿಯಲ್ಲಿ ಮಾಸ್ತರರು. ಮಗಳು ಪರಊರಿನಲ್ಲಿ ಒಬ್ಬಳೇ ಇರುವುದು ಅವರಿಗೆ ಒಗ್ಗದೆ, ತಾವೇ ಬಂದು ನೇಕಾರರ ಓಣಿಯಲ್ಲಿ ಒಂದು ಕೋಣೆ ಹುಡುಕಿಕೊಟ್ಟಿದ್ದರು. ಆ ಮನೆಯಲ್ಲಿ ಒಬ್ಬ ಮುದುಕಿ, ಅವಳ ಮಗ ಮತ್ತು ಸೊಸೆ ಇದ್ದರು. ಓಣಿಯವರೆಲ್ಲ ಮುದುಕಿಯನ್ನು ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವಳು ಮಾತ್ರ ನನ್ನನ್ನು ಕೊನೆಯವರೆಗೂ ಅಕ್ಕೋರ ಎಂದೇ ಕರೆದಳು. ಊರಿನಲ್ಲಿ ಶಾಲೆ ಕಲಿಸುವ ಹೆಂಗಸಿಗೆ ಇದ್ದ ಹೆಸರು ಅದು.

ಓಣಿಯ ಹಿಂದೆ ಒಂದು ಉದ್ದನೆಯ ಖಾಲಿ ಜಾಗವಿತ್ತು. ಗಂಜಿ ಬಯಲು ಅಂತಿದ್ದರು. ಗಂಡಸರು ಮಗ್ಗದ ತಗ್ಗಿನಲ್ಲಿ ಕಾಲಿಳಿಬಿಟ್ಟು ಕೂತು ಸೀರೆ ನೇಯುವುದನ್ನು ಎಲ್ಲರೂ ನೋಡುತ್ತಾರೆ. ಆದರೆ ಮಗ್ಗಕ್ಕೆ ಏರುವ ಉದ್ದ ಎಳೆಗಳ ಹಾಸು ಸಿದ್ಧವಾಗುವುದು ಬಯಲಿನಲ್ಲಿ, ಹೆಣ್ಣುಮಕ್ಕಳ ಕೈಯಲ್ಲಿ. ಈ ತುದಿಯ ಗೂಟದಿಂದ ಆ ತುದಿಯ ಗೂಟಕ್ಕೆ ಹಾಸನ್ನು ಬಿಗಿದು ಕಟ್ಟುತ್ತಾರೆ. ಗಂಜಿ ಸವರಿ, ಕುಂಚದಿಂದ ಬಾಚಿ, ಹರಿದ ಎಳೆಗಳನ್ನು ಒಂದೊಂದಾಗಿ ಕೂಡಿಸಿ ಬಿಸಿಲಿಗೆ ಒಣಗಿಸುತ್ತಾರೆ. ಒದ್ದೆ ಇದ್ದಾಗ ಅದು ಸಡಿಲಾದರೆ ಎಳೆಗಳು ಒಂದಕ್ಕೊಂದು ಅಂಟಿ, ಇಡೀ ಹಾಸು ಹಗ್ಗದಂತಾಗಿ ಕೆಡುತ್ತದೆ.

ಆದ್ದರಿಂದಲೇ ಆ ಓಣಿಯಲ್ಲಿ ಒಂದು ಕಟ್ಟಳೆ ಇತ್ತು: ಹಸಿ ಹಾಸನ್ನು ಯಾರೂ ದಾಟಬಾರದು, ಅದರ ಕೆಳಗೆ ನುಸುಳಲೂಬಾರದು. ಮದುವೆಯ ಮೆರವಣಿಗೆ ಬಂದರೂ ಸುತ್ತು ಹಾಕಿ ಹೋಗಬೇಕು. ಹೆಣ ಹೊತ್ತವರು ಕೂಡ ಹೆಗಲು ಬದಲಿಸಿಕೊಂಡು ಸುತ್ತು ಬರುವುದನ್ನು ನಾನೇ ನೋಡಿದ್ದೇನೆ. ಬಂದ ಹೊಸದರಲ್ಲಿ ಶಾಲೆಗೆ ತಡವಾಗುತ್ತದೆಂದು ನಾನು ಒಮ್ಮೆ ಬಗ್ಗಿ ನುಸುಳಲು ಹೋದಾಗ ಆಯಿ ನನ್ನ ಸೆರಗು ಹಿಡಿದು ಹಿಂದಕ್ಕೆ ಎಳೆದಿದ್ದಳು.

"ಸಾಲಿ ಓಡಿ ಹೋಗ್ತೈತೇನ್ರಿ ಅಕ್ಕೋರ? ಹಾಸು ಕೆಟ್ರ ನಮ್ಮ ಒಲಿ ಓಡಿ ಹೋಗ್ತೈತಿ."

ಆ ಮಳೆಗಾಲ ಮುಗಿಯುವ ಹೊತ್ತಿಗೆ ಹುನಗುಂದದ ತಾಲೂಕು ಕಚೇರಿಯಿಂದ ಒಂದು ಸುದ್ದಿ ಬಂತು. ದುಡಿಯುವವರ ಹೋರಾಟಗಳಲ್ಲಿ ಹೆಣ್ಣುಮಕ್ಕಳು ವಹಿಸಿದ ಪಾತ್ರವನ್ನು ಸರಕಾರದ ವತಿಯಿಂದ ಸ್ಮರಿಸಬೇಕು, ಅದಕ್ಕಾಗಿ ಇಳಕಲ್ಲಿನಲ್ಲಿ ಒಂದು ಸ್ಮಾರಕದ ಕಲ್ಲು ನಿಲ್ಲಿಸಬೇಕು ಎಂದು. ಇಳಕಲ್ಲನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಇಂಗ್ರೇಜರ ಕಾಲದಲ್ಲಿ ನೂಲಿನ ವ್ಯಾಪಾರಿ ಕೂಲಿ ಕಡಿಮೆ ಮಾಡಿದಾಗ ಗಂಡಸರು ಗೊಣಗುತ್ತ ಮಗ್ಗಕ್ಕೆ ಕೂತಿದ್ದರಂತೆ. ಈ ಓಣಿಯ ಹೆಣ್ಣುಮಕ್ಕಳು ಮಾತ್ರ ಗಂಜಿ ಕಾಸುವುದನ್ನೇ ಬಿಟ್ಟರು. ಹಾಸು ಇಲ್ಲದೆ ಮಗ್ಗಗಳು ತಾವಾಗಿಯೇ ನಿಂತವು. ಅವರೆಲ್ಲ ಖಾಲಿ ಬಯಲಿಗೆ ಬಂದು ಸುಮ್ಮನೆ ಕೂತಿದ್ದರು. ವ್ಯಾಪಾರಿ ಆಳುಗಳನ್ನು ಕಳಿಸಿ ಅವರ ಗಂಜಿಯ ಗಡಿಗೆಗಳನ್ನು ಒಡೆಸಿದ. ಆದರೂ ಹೆಣ್ಣುಮಕ್ಕಳು ಎದ್ದಿರಲಿಲ್ಲ. ಕೊನೆಗೆ ಹಳೆಯ ಕೂಲಿಯೇ ಬಂತು. ಹಾಗೆ ಕೂತಿದ್ದವರಲ್ಲಿ ಆಯಿಯೂ ಒಬ್ಬಳು. ಅವಳ ಹಾಗೆ ಇನ್ನೂ ನಾಲ್ಕೈದು ಮಂದಿ ಓಣಿಯಲ್ಲಿ ಬದುಕಿದ್ದರು.

ಕಲ್ಲನ್ನು ದಾನವಾಗಿ ಕೊಡಲು ಮುಂದೆ ಬಂದವನು ಗಡಿಗೆ ಒಡೆಸಿದವನ ಮಗ. ಈಗ ಅವನೇ ನೂಲಿನ ಸಾವುಕಾರ, ನಮ್ಮ ಶಾಲೆಯ ಕಮಿಟಿಯಲ್ಲಿಯೂ ಇದ್ದ. ಒಂದು ದಿನ ತನ್ನ ಗುಮಾಸ್ತನನ್ನು ಕರೆದುಕೊಂಡು ಶಾಲೆಗೇ ಬಂದ.

"ಅಕ್ಕೋರ, ನೀವು ಕಾಲೇಜು ಕಲ್ತವ್ರು. ಕಲ್ಲಿನ ಮ್ಯಾಲೆ ಕೆತ್ತಸಾಕ ಒಂದ ಛಂದ ಮಾತು ಹೇಳ್ರಿ. ಮತ್ತ ಆ ಮುದುಕ್ಯಾರನ್ನ ಕಲ್ಲು ನಿಂದ್ರಸೂ ದಿನ ಕೂಡಿಸೂ ಜವಾಬ್ದಾರಿ ನಿಮ್ದು. ನಾವು ಕರದ್ರ ಬರೂದಿಲ್ಲ."

"ಯಾಕ ಬರೂದಿಲ್ಲರಿ?" ಎಂದೆ.

ಅವನು ನಕ್ಕ. "ಹಳೇ ಮಾತು. ಈಗ ಕಾಲ ಬದಲಾಗ್ಯದಲ್ರಿ."

ಗುಮಾಸ್ತ ನಗಲಿಲ್ಲ. ಅವನು ಶಾಲೆಯ ಕಿಟಕಿಯಿಂದ ಬಯಲನ್ನು ನೋಡುತ್ತಿದ್ದ. ಆಗ ನನಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ಈಗ ಪ್ರತಿಸಲ ಆ ಕಿಟಕಿಯಿಂದಲೇ ನೆನಪು ಶುರುವಾಗುತ್ತದೆ.

ಸಂಜೆ ಆಯಿ ಅಂಗಳದಲ್ಲಿ ಕೂತು ರಾಟೆಯಿಂದ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಓಣಿಯ ಮುದುಕಿಯರೂ ಬಂದಿದ್ದರು. ವಿಷಯ ಹೇಳಿದೆ. ಯಾರೂ ಖುಷಿಪಡಲಿಲ್ಲ. ಒಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದನ್ನ ಹೇಳಾಕ ಅಂವ ನಿಮಗ ಏನ್ ಕೊಟ್ಟಾನ್ರಿ?" ಎಂದಳು.

"ಏನೂ ಕೊಟ್ಟಿಲ್ಲ. ಸರಕಾರದ ಕೆಲಸ ಅದು."

"ಸರಕಾರಕ್ಕ ನಮ್ಮ ಹೆಸರು ಯಾಕ ಬೇಕು? ಅವತ್ತೂ ಒಬ್ಬಾಂವ ಬಂದು ಹೆಸರು ಕೇಳಿದ್ದ. ಮರುದಿನ ಗಡಿಗಿ ಒಡದ್ರು."

"ಸತ್ತವರಿಗೆ ಕಲ್ಲು ನಿಂದ್ರಸ್ತಾರ," ಎಂದಳು ಆಯಿ. "ನಾ ಇನ್ನೂ ರೊಟ್ಟಿ ಬಡ್ಯಾಕತ್ತೇನಿ. ಅವಸರ ಏನೈತಿ ಸಾವುಕಾರಗ?"

ಸಮಾರಂಭಕ್ಕೆ ಬಂದವರಿಗೆ ಅಮೀನಗಡದಿಂದ ಕರದಂಟು ತರಿಸಿ ಹಂಚುತ್ತಾರಂತೆ ಎಂದೆ.

"ಕರದಂಟು ತಿನ್ನಾಕ ಹಲ್ಲು ಬೇಕಲ್ರಿ. ಹಲ್ಲು ಇದ್ದಾಗ ಯಾರೂ ಕೊಡ್ಲಿಲ್ಲ," ಎಂದಳು ಆಯಿ.

ಎಲ್ಲರೂ ನಕ್ಕರು. ಆದರೂ ಆಯಿಯ ಕೈ ರಾಟೆಯ ಮೇಲೆ ನಿಂತೇ ಇತ್ತು. "ಅಕ್ಕೋರ, ಕಲ್ಲು ಎಲ್ಲಿ ನಿಂದ್ರಸ್ತಾರಂತ ಕೇಳೀರಿ?" ಎಂದಳು. ನಾನು ಕೇಳಿರಲಿಲ್ಲ.

ಅದಕ್ಕೆ ಉತ್ತರ ಎರಡೇ ದಿನದಲ್ಲಿ ಸಿಕ್ಕಿತು. ಆಳುಗಳು ಬಂದು ಗಂಜಿ ಬಯಲಿನ ನಟ್ಟನಡುವೆ ತಗ್ಗು ತೋಡಿದರು. ಕಲ್ಲಿನ ಸುತ್ತ ಕಟ್ಟೆ, ಕಟ್ಟೆಯ ಸುತ್ತ ಕಬ್ಬಿಣದ ಕಂಬಿ, ಅಲ್ಲಿಗೆ ಮುಖ್ಯ ರಸ್ತೆಯಿಂದ ಗರಸು ಮಣ್ಣು ಹಾಕಿದ ದಾರಿ. ಹೀಗೆಂದು ಗುಮಾಸ್ತನೇ ಹೇಳಿದ. ಕಟ್ಟೆ ಎದ್ದರೆ ಈ ತುದಿಯಿಂದ ಆ ತುದಿಗೆ ಹಾಸು ಹಿಡಿಯಲು ಜಾಗ ಇರುವುದಿಲ್ಲ ಎಂಬುದು ನನಗೂ ಕಂಡಿತು. ಹಾಸು ಹಿಡಿದ ಹೆಣ್ಣುಮಕ್ಕಳ ನೆನಪಿಗೆಂದು ಹಾಸು ಹಿಡಿಯುವ ಜಾಗವನ್ನೇ ಮುಚ್ಚುತ್ತಿದ್ದರು.

ಬಯಲಿನ ಆ ತುದಿಯಲ್ಲಿ ಸಾವುಕಾರನ ಹೊಸ ಗೋದಾಮು ಇತ್ತು. ಅದರ ಹಿಂಬಾಗಿಲು ಬಯಲಿಗೇ ತೆರೆಯುತ್ತಿತ್ತು. ಆ ಬಾಗಿಲಿನವರೆಗೆ ಲಾರಿ ಬರಲು ಹಾಸುಗಳನ್ನು ಬೇರೆ ಕಡೆ ಹಿಡಿಯಿರಿ ಎಂದು ಹಿಂದಿನ ಬೇಸಿಗೆಯಲ್ಲಿ ಅವನು ಕೇಳಿದ್ದನಂತೆ. ಇವರು ಒಪ್ಪಿರಲಿಲ್ಲ. ನಾನು ತಗ್ಗಿನ ಹತ್ತಿರ ನಿಂತು ನೋಡಿದೆ. ಕಲ್ಲು ಇಲ್ಲಿ ನಿಂತರೆ ಹಾಸು ಹೋಗುತ್ತದೆ, ಆದರೆ ತಗ್ಗಿನ ಪಕ್ಕದಲ್ಲಿ ಗೋದಾಮಿನವರೆಗೆ ಲಾರಿಗೆ ಬೇಕಾದಷ್ಟು ದಾರಿ ಉಳಿಯುತ್ತದೆ. ಸರಕಾರದ ಸ್ಮಾರಕದ ದಾರಿ ಎಂದ ಮೇಲೆ ಅದನ್ನು ಅಡ್ಡಗಟ್ಟುವವರು ಯಾರು?

ಇಷ್ಟೆಲ್ಲ ನನ್ನ ಊಹೆ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಆಯಿಗೆ ಊಹೆ ಬೇಕಾಗಿರಲಿಲ್ಲ.

"ಸಮಾರಂಭದ ದಿನಾನೂ ಹಾಸು ಹಿಡಿಯೂದ," ಎಂದಳು. "ನಮ್ಮನ್ನ ನೆನಸಾಕ ಬರ್ತಾರಿಲ್ಲೋ? ನಮ್ಮ ಕೆಲಸಾ ನೋಡ್ಕೋತ ನೆನಸ್ಲಿ. ಹಸಿ ಹಾಸು ಇದ್ರ ಯಾರು ದಾಟ್ತಾರ ನೋಡೂಣು."

ಆ ಮಾತಿನಲ್ಲಿ ಎಂಥ ಅಪಾಯವಿತ್ತು ಎಂಬುದು ಅವತ್ತು ಯಾರಿಗೂ ಹೊಳೆಯಲಿಲ್ಲ. ಹಸಿ ಹಾಸಿನ ಮುಂದೆ ಹೆಣವೂ ನಿಲ್ಲುವ ಓಣಿಯಲ್ಲಿ ಹುಟ್ಟಿ ಬೆಳೆದವರು ಅವರು. ನಿಲ್ಲದೆ ಬರುವುದೊಂದು ಇದೆ ಎಂದು ಅವರಿಗೆ ಅನಿಸಲೇ ಇಲ್ಲ.

ಸಮಾರಂಭದ ಬೆಳಿಗ್ಗೆ ಸೊಸೆಯ ಹಾಸು ಹಿಡಿದರು. ಕಡುಗಪ್ಪು ಎಳೆಗಳು, ಅಂಚಿಗೆ ಕೆಂಪು. ಕಟ್ಟೆ ಇನ್ನೂ ಎದ್ದಿರದ ಕಾರಣ, ತಗ್ಗನ್ನು ಒಂದು ಬದಿಗೆ ಬಿಟ್ಟು, ಓಣಿಯ ಕಡೆಯ ಗೂಟದಿಂದ ಗೋದಾಮಿನ ಕಡೆಯ ಗೂಟಕ್ಕೆ ಬಿಗಿದಿದ್ದರು. ಗಂಜಿ ಸವರಿ ಮುಗಿದಿತ್ತು. ಮುದುಕಿಯರು ಅದರ ಪಕ್ಕಕ್ಕೆ ಸಾಲಾಗಿ ಕೂತಿದ್ದರು. ಆಯಿ ಗೋದಾಮಿನ ಕಡೆಯ ಗೂಟದ ಬುಡದಲ್ಲಿ, ಬಯಲಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತು ಹರಿದ ಎಳೆ ಕೂಡಿಸುತ್ತಿದ್ದಳು. ಹಾಸು ಸಡಿಲಾಗದಂತೆ ಗೂಟದ ಹಗ್ಗವನ್ನು ಎಡಗೈ ಮಣಿಕಟ್ಟಿಗೆ ಸುತ್ತಿಕೊಂಡಿದ್ದಳು. ಅದು ಅವಳ ರೂಢಿ. ನಾನು ತಗ್ಗಿನ ಹತ್ತಿರ ನಿಂತಿದ್ದೆ. ಸಮಾರಂಭಕ್ಕೆ ಬರಬೇಕಿದ್ದ ತಾಲೂಕಿನ ಅಧಿಕಾರಿ ಮಾಮಲೇದಾರರು ಇನ್ನೂ ಬಂದಿರಲಿಲ್ಲ.

ಲಾರಿ ರಸ್ತೆಯಿಂದ ಹಿಂದುಹಿಂದಾಗಿ ಬಯಲಿಗೆ ಇಳಿಯಿತು. ಹಿಂದಿನ ಹಲಗೆ ಇಳಿಬಿಟ್ಟಿತ್ತು. ಬಿಳಿ ಬಟ್ಟೆ ಸುತ್ತಿದ ಕಲ್ಲು ಹುಲ್ಲಿನ ಮೇಲೆ ಮಲಗಿತ್ತು. ಗುಮಾಸ್ತ ಪಕ್ಕದಲ್ಲಿ ನಡೆಯುತ್ತ, ಲಾರಿಯ ಮೈಗೆ ಕೈಯಿಂದ ಬಡಿಯುತ್ತ ಕೂಗುತ್ತಿದ್ದ.

"ಬರ್ಲಿ, ಬರ್ಲಿ, ಬರ್ಲಿ."

ತಗ್ಗಿನ ಹತ್ತಿರ ಬಂತು. ನಿಲ್ಲುತ್ತದೆ ಎಂದು ನಾನು ಒಂದು ಹೆಜ್ಜೆ ಬದಿಗೆ ಸರಿದೆ. ನಿಲ್ಲಲಿಲ್ಲ.

"ಬರ್ಲಿ."

ತಗ್ಗನ್ನು ತಪ್ಪಿಸಲು ಲಾರಿ ಓರೆಯಾಯಿತು. ಹಲಗೆಯ ಕೊಕ್ಕೆ ಹಾಸಿನ ನಡುವಿಗೆ ಸಿಕ್ಕಿತು. ಮುದುಕಿಯರು ಒಮ್ಮೆಗೇ ಕೂಗಿದರು, ಆದರೆ "ಹಾಸು! ಹಸಿ ಹಾಸು!" ಎಂದು ಕೂಗಿದರು. ನಿಲ್ಲಿಸು ಎಂದು ಯಾರೂ ಕೂಗಲಿಲ್ಲ. ಅವರ ಪಾಲಿಗೆ ಎರಡೂ ಒಂದೇ. ಪರಊರಿನ ಡ್ರೈವರನಿಗೆ ಹಾಸು ಎಂದರೇನು ಗೊತ್ತು?

ನಡುವೆ ತಳ್ಳಿದಂತೆಲ್ಲ ಹಾಸು ಎರಡೂ ತುದಿಗೆ ಬಿಗಿಯಿತು. ಆಯಿಯ ಕೈ ಹಗ್ಗದ ಸಮೇತ ಗೂಟಕ್ಕೆ ಕಚ್ಚಿಕೊಂಡಿತು. ಅವಳು ತಿರುಗಲೂ ಆಗದೆ, ಏಳಲೂ ಆಗದೆ, ಕೂತಲ್ಲೇ ಗೂಟಕ್ಕೆ ಮುಖ ಒತ್ತಿಕೊಂಡಳು. ಲಾರಿ ಅವಳ ಕಡೆಗೇ ಬರುತ್ತಿತ್ತು. ಆ ಕ್ಷಣ ಗುಮಾಸ್ತ ತಲೆ ತಿರುಗಿಸಿದ. ಗೂಟದ ಕಡೆ ತಿರುಗಿಸಿದ. ನನಗೆ ಅವನ ಮುಖದ ಒಂದು ಮಗ್ಗುಲು ಕಂಡಿತು. ಆಮೇಲೆ ಇನ್ನೊಮ್ಮೆ ಅದೇ ದನಿ.

"ಬರ್ಲಿ."

ಸೊಸೆ ಎದ್ದು ಓಡಿದಳು. ಅವಳ ಕೈಯಲ್ಲಿ ನೂಲು ಕತ್ತರಿಸುವ ಸಣ್ಣ ಚಾಕು ಇತ್ತು. ಅತ್ತೆಯ ಹತ್ತಿರ ನಿಂತು, ಒಂದು ಗಳಿಗೆ, ನಾನು ನೋಡಿದ್ದೇನೆ, ಒಂದು ಗಳಿಗೆ ತಡೆದು, ತನ್ನ ಹಾಸಿನ ಮೇಲೆಯೇ ಚಾಕು ಹಾಕಿದಳು. ಅಷ್ಟು ಬಿಗಿದಿದ್ದ ಎಳೆಗಳು ಬಟ್ಟೆ ಹರಿದಂತೆ ಸದ್ದು ಮಾಡಿ ಹೋದವು. ಹಗ್ಗ ಸಡಿಲಾಯಿತು. ಆಯಿಯ ನಡು ಹಿಡಿದು ಪಕ್ಕಕ್ಕೆ ಎಳೆದುಕೊಂಡು ಇಬ್ಬರೂ ಬಿದ್ದರು. ಲಾರಿಯ ಹಲಗೆ ಗೂಟಕ್ಕೆ ಬಡಿದು ಗೂಟ ಮುರಿಯಿತು. ಡ್ರೈವರ್ ಆಗ ಬ್ರೇಕು ಒತ್ತಿದ. ಲಾರಿ ನಿಂತಿತು, ಕಲ್ಲು ನಿಲ್ಲಲಿಲ್ಲ. ಹುಲ್ಲಿನ ಮೇಲೆ ಜಾರಿ, ಆಯಿ ಕೂತಿದ್ದ ಜಾಗದಲ್ಲೇ ಧೊಪ್ಪನೆ ಬಿತ್ತು. ನೆಲ ನನ್ನ ಕಾಲಿನ ಕೆಳಗೆ ನಡುಗಿತು. ಆ ನಡುಕವೂ ನನ್ನ ಕಾಲಿನಲ್ಲಿ ಉಳಿದಿದೆ.

ಕಲ್ಲು ಜಾರಿದ ಮೇಲೆ ಲಾರಿಯಲ್ಲಿ ಉಳಿದದ್ದು ಕಂಡಿತು. ತಾಡಪತ್ರಿಯ ಕೆಳಗೆ ನೂಲಿನ ಬೇಲುಗಳು. ಗೋದಾಮಿನ ಹಿಂಬಾಗಿಲು ಮೊದಲೇ ತೆರೆದಿತ್ತು.

ಆಯಿಯ ಮಣಿಕಟ್ಟಿನ ಚರ್ಮ ಸುಲಿದಿತ್ತು. ಯಾರೋ ಅರಿಷಿಣ ತಂದು ಒತ್ತಿದರು. ಸೊಸೆ ಮಾತ್ರ ಕತ್ತರಿಸಿದ ಹಾಸಿನ ಪಕ್ಕದಲ್ಲಿ ಕೂತು ಅಳುತ್ತಿದ್ದಳು.

"ಹಸಿ ಹಾಸು ಕೊಯ್ದೆ ಅತ್ತೀ. ಯಾರರ ಕೊಯ್ತಾರೇನು?"

"ನೀ ಕೊಯ್ದಿ, ಅದಕ್ಕ ನಾ ಇಲ್ಲಿ ಕುಂತೀನಿ," ಎಂದಳು ಆಯಿ. "ಅಳಬ್ಯಾಡ. ಮೂಗು ಒರಸ್ಕೊ. ಸರಕಾರ ಬರಾಕತ್ತೈತಿ."

ಮಾಮಲೇದಾರರ ಜೀಪು ಬಂತು. ಅವರ ಸಿಪಾಯಿ ನೆಲದಲ್ಲಿ ಬಿದ್ದ ಹಾಸನ್ನು ದಾಟಲು ಹೋದಾಗ ಅವರು, "ಸುತ್ತ ಹಾಕ್ಕೊಂಡು ಬಾರೋ," ಎಂದರು. ಓಣಿಯ ಕಟ್ಟಳೆ ತಿಳಿದು ಹೇಳಿದರೋ, ಬೂಟಿಗೆ ಗಂಜಿ ಹತ್ತುತ್ತದೆಂದು ಹೇಳಿದರೋ ಗೊತ್ತಿಲ್ಲ. ಅವತ್ತು ನಾನು ಯಾವ ಒಳ್ಳೆಯತನವನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ.

"ಏನಾತ್ರಿ ಇಲ್ಲಿ?"

"ಏನಿಲ್ರಿ ಸಾಹೇಬ್ರ," ಎಂದ ಸಾವುಕಾರ, ಎಲ್ಲಿಂದಲೋ ಓಡಿ ಬಂದು. "ಹೆಣ್ಮಕ್ಕಳು ಅಡ್ಡ ಕುಂತಿದ್ರು. ದೇವರ ದಯಾ, ಯಾರಿಗೂ ಏನೂ ಆಗಿಲ್ಲ."

"ನಾ ನಿಲ್ಲು ನಿಲ್ಲು ಅಂತ ಒದರಿದ್ನಿರಿ," ಎಂದ ಗುಮಾಸ್ತ. "ಡ್ರೈವರಗ ಕೇಳ್ಲಿಲ್ಲ."

ಡ್ರೈವರ್ ಸ್ಟೇರಿಂಗ್ ಬಿಟ್ಟು ಇಳಿದೇ ಇರಲಿಲ್ಲ. ಕೂತಲ್ಲಿಂದಲೇ, "ಝೂಟ್ ಮಾತ್ರಿ ಅದು!" ಎಂದು ಕೂಗಿದ. ಅವನ ತುಟಿ ಬಿಳಿಚಿತ್ತು.

ಮಾಮಲೇದಾರರು ಸುತ್ತ ನೋಡಿ ನನ್ನ ಕಡೆ ತಿರುಗಿದರು. ಸಾಕ್ಷಿ ಹೇಳಲು ಓದಿದವಳೇ ಬೇಕಿತ್ತೇನೋ. "ನೀವು ಇಲ್ಲೇ ಇದ್ರೇನ್ರಿ? ಏನ್ ಕೇಳಿದ್ರಿ?"

ಸಾವುಕಾರ ನನ್ನನ್ನು ನೋಡಿದ. ಶಾಲೆಯ ಕಮಿಟಿಯವರು ಮಾಸ್ತರಿಣಿಯನ್ನು ಹೇಗೆ ನೋಡುತ್ತಾರೋ ಹಾಗೆ.

"ತಗ್ಗು ದಾಟಿದ ಮ್ಯಾಲೂ ಬರ್ಲಿ ಅಂದ್ರು," ಎಂದೆ. "ನಿಲ್ಲು ಅಂದದ್ದು ನಾ ಕೇಳಿಲ್ಲ."

ಆಯಿ ಮೆಲ್ಲಗೆ ಎದ್ದು ಬಂದಳು. ಕೈಯ ಅರಿಷಿಣ ಮೊಣಕೈವರೆಗೆ ಇಳಿದಿತ್ತು.

"ಸಾಹೇಬ್ರ, ಈ ಕಲ್ಲು ನಮ್ಮ ಹೆಸರೀಲೆ ಬಂದೈತಿ, ಹೌದಿಲ್ರಿ?"

"ಹೌದವ್ವ."

"ಹಂಗಾದ್ರ ಎಲ್ಲಿ ಬಿದ್ದೈತಿ ಅಲ್ಲೇ ನಿಂದ್ರಸ್ರಿ. ನಮ್ಮ ಗೂಟ ಮುರದೈತಿ. ಗೂಟದ ಬದ್ಲಿ ಅದ ಇರ್ಲಿ."

"ಅಲ್ಲಿ ಬ್ಯಾಡ್ರಿ!" ಎಂದ ಸಾವುಕಾರ ತಟ್ಟನೆ. "ಬಾಗಲಾ ಕಟ್ಟಿದಂಗ ಆಗ್ತೈತಿ. ಲಾರಿ ಹೋಗೂದಿಲ್ಲ."

"ಯಾವ ಲಾರಿರಿ?" ಎಂದು ಕೇಳಿದರು ಮಾಮಲೇದಾರರು.

ಹಿಂದಿನಿಂದ ಒಬ್ಬ ಮುದುಕಿ, "ಗಂಜಿ ಕುಡ್ಯಾಕ ಬರೂ ಲಾರಿ ಇರಬೇಕ್ರಿ," ಎಂದಳು. ಹೆಣ್ಣುಮಕ್ಕಳು ನಕ್ಕರು. ಸಿಪಾಯಿಯೂ ಮುಖ ತಿರುಗಿಸಿ ನಕ್ಕ. ಮಾಮಲೇದಾರರು ಲಾರಿಯ ಬೇಲುಗಳನ್ನು ನೋಡಿದರು, ತೆರೆದ ಬಾಗಿಲನ್ನು ನೋಡಿದರು, ನಡುಬಯಲಿನ ತಗ್ಗನ್ನೂ ನೋಡಿದರು. ಯಾರನ್ನೂ ಬೈಯಲಿಲ್ಲ. ಅವರಿಗೂ ಮೇಲಿನವರಿದ್ದರು. ಗಡಿಯಾರ ನೋಡಿಕೊಂಡು, "ಆ ಅವ್ವ ಹೇಳಿದಲ್ಲೇ ತಗ್ಗು ತೋಡ್ರಿ. ಸಮಾರಂಭ ಇವತ್ತ ಆಗಬೇಕು," ಎಂದರು.

ಹಾಗೆ ಕಲ್ಲು ಗೋದಾಮಿನ ಬಾಗಿಲಿಗೆ ಎದುರಾಗಿ ನಿಂತಿತು. ಬಟ್ಟೆ ಸರಿಸಿದಾಗ ಓದಿದೆ. 'ಮೊದಲು ಕೆಲಸ ನಿಲ್ಲಿಸಿದ ಹೆಣ್ಣುಮಕ್ಕಳ ನೆನಪಿಗೆ' ಎಂದು ನಾನು ಸಾವುಕಾರನಿಗೆ ಬರೆದುಕೊಟ್ಟಿದ್ದ ಮಾತು ಅದರಲ್ಲಿ ಇರಲಿಲ್ಲ. 'ನೇಕಾರ ಮಾತೆಯರ ಸೇವೆಯ ಸ್ಮರಣೆಗೆ' ಎಂದಿತ್ತು. ಓದಿ ಹೇಳಿದೆ.

"ಸೇವಿ?" ಎಂದಳು ಆಯಿ. "ಯಾರ ಸೇವಿ ಮಾಡಿದ್ವಿ? ಸುಮ್ನ ಕುಂತಿದ್ವಿ." ಕರದಂಟಿನ ಪೊಟ್ಟಣವನ್ನು ಸೊಸೆಯ ಕೈಗೆ ಕೊಟ್ಟಳು.

ಸಂಜೆ ಹೆಣ್ಣುಮಕ್ಕಳೇ ಸೇರಿ ನಡುಬಯಲಿನ ತಗ್ಗನ್ನು ಮುಚ್ಚಿ ಕಾಲಿನಿಂದ ತುಳಿದು ಗಟ್ಟಿ ಮಾಡಿದರು. ಕೆಲವು ದಿನ ಕಳೆದು ಸೊಸೆ ಇನ್ನೊಂದು ಹಾಸು ಹಿಡಿದಳು. ಅದರ ಹಗ್ಗವನ್ನು ಸರಕಾರದ ಕಲ್ಲಿಗೆ, ಅಕ್ಷರಗಳ ಕೆಳಗೆ, ಎರಡು ಸುತ್ತು ಸುತ್ತಿ ಕಟ್ಟಿದರು. ಲಾರಿ ಮತ್ತೆ ಬರಲಿಲ್ಲ. ಸಾವುಕಾರ ಸುಮ್ಮನಾದದ್ದನ್ನು ಮಾತ್ರ ನಾನು ನಂಬಲಿಲ್ಲ. ದಿನವೂ ಶಾಲೆಯ ಕಿಟಕಿಯಿಂದ ಬಯಲು ನೋಡುತ್ತಿದ್ದೆ. ಅದೇ ಕಿಟಕಿಯಲ್ಲಿ ಗುಮಾಸ್ತ ನಿಂತಿದ್ದನ್ನು ನೆನೆದು ಅಲ್ಲಿಂದ ಸರಿಯುತ್ತಿದ್ದೆ.

ಊರು ಬಿಡುವ ಮುಂಚೆ ಒಂದು ಮಧ್ಯಾಹ್ನ ಆಯಿಯನ್ನು ಕೇಳಿದೆ. ಅವಳು ಕಲ್ಲಿನ ಬುಡದಲ್ಲಿ ಕೂತು ಎಳೆ ಕೂಡಿಸುತ್ತಿದ್ದಳು. ಹಗ್ಗವನ್ನು ಈಗಲೂ ಕೈಗೆ ಸುತ್ತಿಕೊಂಡಿದ್ದಳು, ಗಾಯದ ಗುರುತಿನ ಮೇಲೆಯೇ.

"ಆಯಿ, ಅವತ್ತ ಆ ಗುಮಾಸ್ತ ನಿನ್ನ ನೋಡಿದ್ನೇನು? ನೋಡೇ ಬರ್ಲಿ ಅಂದ್ನೇನು?"

ಅವಳು ತಲೆ ಎತ್ತಲಿಲ್ಲ. "ನಂಗೇನ್ ಗೊತ್ರಿ ಅಕ್ಕೋರ? ನಾ ಎಳಿ ನೋಡಾಕತ್ತಿದ್ನಿ."

ಮುದುಕಿಯರು ಹಾಸು ನೋಡುತ್ತಿದ್ದರು. ಸೊಸೆ ಅತ್ತೆಯ ಕೈ ನೋಡುತ್ತಿದ್ದಳು. ಡ್ರೈವರ್ ಕನ್ನಡಿಯಲ್ಲಿ ತಗ್ಗು ನೋಡುತ್ತಿದ್ದನಂತೆ. ಗುಮಾಸ್ತನ ಮುಖ ನೋಡುತ್ತಿದ್ದವಳು ನಾನೊಬ್ಬಳೇ. ಅದೂ ಒಂದೇ ಮಗ್ಗುಲು.